ಖತೀನ್ ಸ್ಮಾರಕ: ಒಂದು ಅಕ್ಷರದ ಗೊಂದಲ, 185ರ ಲೆಕ್ಕ

ಎರಡನೇ ಮಹಾಯುದ್ಧದ ಪಾಠ ಓದುವಾಗ ಈ ಹೆಸರಿನಲ್ಲೇ ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ. ಈಗಷ್ಟೇ ಬಿಡಿಸಿಕೊಂಡಿದ್ದೇನೆ. ಮರೆಯುವ ಮೊದಲೇ ಬರೆದಿಡುತ್ತೇನೆ.

ಖತೀನ್ ಬೆಲಾರುಸಿನ ಹಳ್ಳಿ. ರಾಜಧಾನಿ ಮಿನ್ಸ್ಕ್‌ನಿಂದ ಸುಮಾರು 50 ಕಿಲೋಮೀಟರ್. ಅಲ್ಲಿ 26 ಮನೆಗಳಿದ್ದವು. 1943ರ ಮಾರ್ಚ್ 22ರ ಬೆಳಿಗ್ಗೆ, ಕಾಡಿನಲ್ಲಿದ್ದುಕೊಂಡು ನಾಜಿಗಳ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳು ಹತ್ತಿರದ ರಸ್ತೆಯಲ್ಲಿ ದಾಳಿ ಮಾಡಿದರು. ಸತ್ತವರಲ್ಲಿ ಹಾನ್ಸ್ ವೊಯೆಲ್ಕೆ ಎಂಬ ಜರ್ಮನ್ ಪೊಲೀಸ್ ಅಧಿಕಾರಿಯೂ ಇದ್ದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗುಂಡು ಎಸೆತದಲ್ಲಿ ಚಿನ್ನ ಗೆದ್ದವನು. ಸೇಡಿಗೆ ಅದೇ ದಿನ ಜರ್ಮನ್ನರ ಕೈಕೆಳಗಿದ್ದ 118ನೇ ಸಹಾಯಕ ಪೊಲೀಸ್ ಬೆಟಾಲಿಯನ್ ಮತ್ತು ಡಿರ್ಲೆವಾಂಗರ್ ಎಂಬ ಅಧಿಕಾರಿಯ ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ದಳ) ಪಡೆ ಹಳ್ಳಿಗೆ ನುಗ್ಗಿದವು. ಎಲ್ಲರನ್ನೂ ಒಂದು ಕೊಟ್ಟಿಗೆಗೆ ತುಂಬಿ ಬೆಂಕಿ ಹಚ್ಚಿದರು. ಹೊರಗೆ ಓಡಿಬಂದವರಿಗೆ ಗುಂಡು ಹಾರಿಸಿದರು. ಸತ್ತವರು 149 ಮಂದಿ. ಅವರಲ್ಲಿ 75 ಮಕ್ಕಳು.

ಈಗ ನನ್ನನ್ನು ಕಾಡಿದ ವಿಷಯ. ಕತೀನ್ ಅಂತ ಇನ್ನೊಂದಿದೆ! ಇಂಗ್ಲಿಷಿನಲ್ಲಿ ಬರೆದರೆ ಒಂದು ಎಚ್ ಮಾತ್ರ ವ್ಯತ್ಯಾಸ. ಕನ್ನಡದಲ್ಲಿ ಕ, ಖ ಬೇರೆ ಬೇರೆ ಇದ್ದರೂ ಮಾತಾಡುವಾಗ ನಮ್ಮ ನಾಲಿಗೆ ಮಹಾಪ್ರಾಣವನ್ನು ನುಂಗಿಬಿಡುತ್ತದೆ ಅಲ್ವಾ? ಹಾಗಾಗಿ ನನ್ನ ನೋಟ್ಸಿನಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವು. ಕತೀನ್ ಇರುವುದು ರಷ್ಯಾದ ಸ್ಮೋಲೆನ್ಸ್ಕ್ ಹತ್ತಿರ, ಅದೊಂದು ಕಾಡು. 1940ರಲ್ಲಿ ಸ್ಟಾಲಿನ್‌ನ ಗುಪ್ತ ಪೊಲೀಸರು ಪೋಲೆಂಡಿನ ಸೇನಾಧಿಕಾರಿಗಳನ್ನು ಕೊಂದು ಅಲ್ಲಿ ಹೂತರು. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡದ್ದು 1990ರಲ್ಲಿ. ಅಲ್ಲಿ ಕೊಂದವರೂ ಬೇರೆ, ಸತ್ತವರೂ ಬೇರೆ. ಇಸವಿ ನೋಡಿ ಬಿಡಿಸಿಕೊಳ್ಳೋಣ ಅಂದರೆ ಅದೂ ಕೈಕೊಡುತ್ತದೆ. ಯಾಕೆಂದರೆ ಕತೀನ್ ಸಮಾಧಿಗಳ ಸುದ್ದಿಯನ್ನು ಜರ್ಮನ್ನರು ಹೊರಹಾಕಿದ್ದು 1943ರ ಏಪ್ರಿಲ್‌ನಲ್ಲಿ, ಖತೀನ್ ಸುಟ್ಟ ಮರುತಿಂಗಳು! ಕೊನೆಗೆ ನಾನು ಹಿಡಿದ ಸುಲಭ ದಾರಿ ಇದು: ಕತೀನ್ ಅಂದರೆ ಕಾಡು, ಖತೀನ್ ಅಂದರೆ ಖಾಲಿಯಾದ ಹಳ್ಳಿ. ಆಮೇಲೆ ಒಮ್ಮೆಯೂ ತಪ್ಪಿಲ್ಲ.

ಸ್ಮಾರಕ ತೆರೆದದ್ದು 1969ರಲ್ಲಿ. ಒಳಗೆ ಹೋದರೆ ಎದುರಿಗೇ ಆರು ಮೀಟರ್ ಎತ್ತರದ ಕಂಚಿನ ಪ್ರತಿಮೆ. ಸಾಯುತ್ತಿರುವ ಮಗನನ್ನು ಎತ್ತಿಕೊಂಡ ಅಪ್ಪ. ಆತ ಊರಿನ ಕಮ್ಮಾರ ಯೂಜೆಫ್ ಕಮಿನ್ಸ್ಕಿ. ಕೆಲವು ಮಕ್ಕಳು ಉಳಿದುಕೊಂಡರು, ದೊಡ್ಡವರಲ್ಲಿ ಆ ಬೆಂಕಿಯಿಂದ ಬದುಕಿ ಬಂದವನು ಅವನೊಬ್ಬನೇ.

ಲೆಕ್ಕ ತಪ್ಪುವುದು ಹಳ್ಳಿಗಳ ಸಮಾಧಿ ಭೂಮಿಯಲ್ಲಿ. ಜನರ ಸಮೇತ ಸುಟ್ಟು, ಮತ್ತೆ ಎದ್ದೇಳದ ಹಳ್ಳಿಗಳಿಗೆ ಅಲ್ಲಿ ಒಂದೊಂದು ಸಮಾಧಿ ಇದೆ, ಪ್ರತಿಯೊಂದರಲ್ಲೂ ಆ ಊರಿನ ಮಣ್ಣು. ಸಮಾಧಿಗಳು 185. ಆದರೆ ಕೆಲವು ಕಡೆ 186 ಅಂತ ಓದುತ್ತೀರಿ. ಎರಡೂ ಸರಿ. 186ನೆಯದು ಖತೀನ್. ನೀವು ನಿಂತಿರುವ ನೆಲವೇ ಅದು, ಅದಕ್ಕೆ ಬೇರೆ ಸಮಾಧಿ ಬೇಕಿಲ್ಲ. ಸುಟ್ಟ ಮೇಲೆ ಮತ್ತೆ ಕಟ್ಟಿದ 433 ಹಳ್ಳಿಗಳ ಹೆಸರು ಇನ್ನೊಂದು ಕಡೆ ಇದೆ. ಇದನ್ನು 185ಕ್ಕೆ ಕೂಡಿಸಬೇಡಿ.

ಮೂರು ಬರ್ಚ್ ಮರ, ನಾಲ್ಕನೆಯದರ ಜಾಗದಲ್ಲಿ ಆರದ ಜ್ಯೋತಿ. ಯುದ್ಧದಲ್ಲಿ ಬೆಲಾರುಸಿನ ನಾಲ್ವರಲ್ಲಿ ಒಬ್ಬರು ಸತ್ತರು ಎಂಬುದರ ಗುರುತು.

ಇನ್ನು 26 ಮನೆಗಳು. ಒಂದೊಂದರ ಜಾಗದಲ್ಲೂ ಹೊಗೆಗೂಡಿನ ಆಕಾರದ ಕಂಬ, ಅದರ ಮೇಲೆ ಆ ಮನೆಯವರ ಹೆಸರು, ತುದಿಯಲ್ಲಿ ಗಂಟೆ. ಅವು 30 ಸೆಕೆಂಡಿಗೊಮ್ಮೆ ಬಾರಿಸುತ್ತವೆ.