ಅದಿರು ತುಂಬಿದ ವ್ಯಾಗನ್ ಅರ್ಧ ಖಾಲಿ ಕಾಣಬೇಕು

ರೈಲು ಮಾಡೆಲ್ ಕಟ್ಟುವ ಗೆಳೆಯರು ಗೂಡ್ಸ್ ವ್ಯಾಗನ್‌ಗಳ ಫೋಟೊ ಕಳಿಸಿ, "ಸರ್, ನಿಜವಾದದ್ದರ ಹಾಗೇ ಬಂದಿದೆಯಾ?" ಎಂದು ಕೇಳುತ್ತಾರೆ. ವ್ಯಾಗನ್ ತಪಾಸಣೆಯಲ್ಲೇ ನೌಕರಿ ಮಾಡಿದವನಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಒಳಗಿನ ಸರಕಿನ ಮೇಲೆ. ಬಣ್ಣ, ರಿವೆಟ್ಟು ಎಲ್ಲ ಆಮೇಲೆ. ಎಷ್ಟೋ ಚೆಂದದ ಮಾಡೆಲ್‌ಗಳು ಎಡವುವುದೂ ಅಲ್ಲೇ. ಬಳ್ಳಾರಿಯ ಕೆಂಪು ಅದಿರನ್ನು ಕಲ್ಲಿದ್ದಲಿನಂತೆ ಅಂಚು ಮೀರಿ ರಾಶಿ ಹಾಕಿರುತ್ತಾರೆ.

ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ತೆರೆದ ವ್ಯಾಗನ್ ಬಾಕ್ಸ್‌ಎನ್. ಅದರೊಳಗೆ ಸುಮಾರು 56 ಘನ ಮೀಟರ್ ಜಾಗವಿದೆ. ಮೂಲ ವಿನ್ಯಾಸದ ಪ್ರಕಾರ ಖಾಲಿ ತೂಕ 22.47 ಟನ್, ಹೊರುವ ಸರಕು 58.81 ಟನ್. ಒಟ್ಟು 81.28 ಟನ್ ನಾಲ್ಕು ಆಕ್ಸಲ್‌ಗಳಿಗೆ, ಅಂದರೆ ಚಕ್ರದ ಜೋಡಿ ಕೂರುವ ಅಚ್ಚುಗಳಿಗೆ, ಹಂಚಿದರೆ ಒಂದೊಂದಕ್ಕೆ 20.32 ಟನ್ ಬೀಳುತ್ತದೆ. ಹಳಿ ಮತ್ತು ಸೇತುವೆ ತಡೆಯುವ ಮಿತಿ ಎಂದು ಹಾಕಿಕೊಂಡ ಲೆಕ್ಕ ಇದು. ಈಗ ಅದಿರಿನ ವಿಷಯಕ್ಕೆ ಬನ್ನಿ: ಒಂದು ಘನ ಮೀಟರ್ ಅದಿರು ಎರಡು ಟನ್ನಿಗೂ ಹೆಚ್ಚು ತೂಗುತ್ತದೆ. ವ್ಯಾಗನ್ ಅರ್ಧ ತುಂಬುವ ಹೊತ್ತಿಗೆ ಆಕ್ಸಲ್‌ನ ಮಿತಿ ಮುಗಿದಿರುತ್ತದೆ. ಕಲ್ಲಿದ್ದಲು ಅದರ ಅರ್ಧದಷ್ಟೂ ತೂಗುವುದಿಲ್ಲ, ಹಾಗಾಗಿ ಅದು ಅಂಚಿನವರೆಗೆ ತುಂಬಿ ಮೇಲೆ ದಿಬ್ಬವಾಗಿ ನಿಲ್ಲುತ್ತದೆ. ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಭಾಗಕ್ಕೆ ಇಳಿಸಿದಾಗ, ಬಾಕ್ಸ್‌ಎನ್‌ನ ಒಳಗಿನ ಎತ್ತರ 22 ಮಿಲಿಮೀಟರ್. ಅದಿರು ಅದರಲ್ಲಿ ಹನ್ನೊಂದರ ಆಸುಪಾಸು ನಿಂತರೆ ಸಾಕು. ಪಕ್ಕದಿಂದ ನೋಡಿದವರಿಗೆ ವ್ಯಾಗನ್ ಖಾಲಿಯೆಂದೇ ಅನಿಸಬೇಕು.

ತುಂಬಿದೆ ಎಂದು ತೋರಿಸಲು ಬೇರೆ ದಾರಿ ಇದೆ: ಬೋಗಿಯ, ಅಂದರೆ ವ್ಯಾಗನ್ ಅಡಿಯ ಚಕ್ರದ ಚೌಕಟ್ಟಿನ, ಸ್ಪ್ರಿಂಗು. ಭಾರಕ್ಕೆ ಅದು ಕುಗ್ಗಿ ವ್ಯಾಗನ್ ಕೆಳಗಿಳಿಯುತ್ತದೆ. ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿಯ, ಅಂದರೆ ಕಪ್ಲರ್‌ನ, ಎತ್ತರ ಖಾಲಿ ವ್ಯಾಗನ್‌ನಲ್ಲಿ 1105 ಮಿಲಿಮೀಟರ್ ಮೀರಬಾರದು, ತುಂಬಿದ್ದರಲ್ಲಿ 1030ಕ್ಕಿಂತ ಕೆಳಗಿಳಿಯಬಾರದು. ಮಾಡೆಲ್‌ನಲ್ಲಿ ಈ ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಆದರೂ ತುಂಬಿದ ರೇಕ್‌ನ (ಜೋಡಿಸಿದ ವ್ಯಾಗನ್ ಸಾಲಿನ) ಪಕ್ಕ ಖಾಲಿ ರೇಕ್ ನಿಲ್ಲಿಸಿದಾಗ ಪಳಗಿದ ಕಣ್ಣು ಅದನ್ನು ಹಿಡಿಯುತ್ತದೆ.

ಬಾಕ್ಸ್‌ಎನ್ ಯಾಕಿಷ್ಟು ಗಿಡ್ಡ ಎಂದೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದಕ್ಕೆ ಮುಂಚಿನ ಬಾಕ್ಸ್ ವ್ಯಾಗನ್ 13.7 ಮೀಟರ್ ಉದ್ದವಿತ್ತು; 1980ರ ದಶಕದಲ್ಲಿ ಬಂದ ಬಾಕ್ಸ್‌ಎನ್ ಕಪ್ಲರ್ ಸೇರಿ 10.7 ಮೀಟರ್. ಉತ್ತರ ಇರುವುದು ಸ್ಟೇಷನ್ನಿನ ಲೂಪ್ ಲೈನ್‌ನಲ್ಲಿ, ಅಂದರೆ ಬೇರೆ ಗಾಡಿಗೆ ದಾರಿ ಬಿಡಲು ನಿಲ್ಲುವ ಪಕ್ಕದ ಹಳಿಯಲ್ಲಿ. ಅದರ ಪ್ರಮಾಣಿತ ಉದ್ದ 686 ಮೀಟರ್. ಎಂಜಿನ್, ಗಾರ್ಡ್ ಕೂರುವ ಬ್ರೇಕ್ ವ್ಯಾನ್ ಸಮೇತ ಇಡೀ ಗಾಡಿ ಅದರೊಳಗೆ ನಿಲ್ಲಬೇಕು, ಇಲ್ಲವಾದರೆ ಹಿಂದಿನ ಎಕ್ಸ್‌ಪ್ರೆಸ್‌ಗೆ ದಾರಿಯಿಲ್ಲ. ಲೂಪ್ ಉದ್ದ ಮಾಡಲು ಊರೂರಿನಲ್ಲಿ ಜಾಗ, ಸಿಗ್ನಲ್, ಹಣ ಬೇಕು. ವ್ಯಾಗನ್ ಗಿಡ್ಡವಾಗಿ, ಎತ್ತರವಾಗಿ ಕಟ್ಟಿದರೆ ಅದೇ ಲೂಪಿನಲ್ಲಿ 58 ವ್ಯಾಗನ್ ನಿಲ್ಲುತ್ತವೆ, ಮೂರು ಸಾವಿರ ಟನ್ನಿಗೂ ಮಿಕ್ಕ ಸರಕು ಸಾಗುತ್ತದೆ. ನಮ್ಮ ರೈಲ್ವೆಯ ಅತ್ಯಂತ ಜಾಣ ವಿನ್ಯಾಸಗಳಲ್ಲಿ ಇದೊಂದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾಡೆಲ್‌ನಲ್ಲಿ ಒಂದು ಬಾಕ್ಸ್‌ಎನ್ 123 ಮಿಲಿಮೀಟರ್, 58ರ ರೇಕ್ ಏಳು ಮೀಟರ್ ದಾಟುತ್ತದೆ. ಮನೆಯಲ್ಲಿ ಅಷ್ಟು ಜಾಗ ಯಾರಿಗಿದೆ? ಹತ್ತೋ ಹನ್ನೆರಡೋ ಜೋಡಿಸಿ, ಆದರೆ ಲೂಪನ್ನು ಆ ರೇಕ್‌ಗೆ ತಕ್ಕಷ್ಟೇ ಬಿಗಿಯಾಗಿ ಹಾಕಿ. ಆಗ ನಿಜವಾದ ಸ್ಟೇಷನ್ನಿನ ಇಕ್ಕಟ್ಟು ಕಾಣುತ್ತದೆ.

ತೂಕದ ವಿಷಯದಲ್ಲಿ ಮಾತ್ರ ಲೆಕ್ಕ ಕೈಕೊಡುತ್ತದೆ. 22.47 ಟನ್ನನ್ನು 87ರ ಘನದಿಂದ ಭಾಗಿಸಿದರೆ ಬರುವುದು ಬರೀ 34 ಗ್ರಾಂ. ಅಷ್ಟು ಹಗುರದ ವ್ಯಾಗನ್ ತಿರುವಿನಲ್ಲಿ ಹಳಿ ಬಿಟ್ಟು ಉರುಳುತ್ತದೆ. ಖಾಲಿ ವ್ಯಾಗನ್‌ಗೂ ತಳದಲ್ಲಿ ಸೀಸ ಅಂಟಿಸಿ 95 ಗ್ರಾಂ ಹತ್ತಿರ ತನ್ನಿ. ಇನ್ನು ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ: ನಮ್ಮ 1676 ಮಿಲಿಮೀಟರ್ ಬ್ರಾಡ್‌ಗೇಜ್ ಈ ಅಳತೆಯಲ್ಲಿ 19.3 ಆಗಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5. ಅದರೊಂದಿಗೆ ಹೊಂದಿಕೊಂಡು ಹೋಗುವುದೇ ವಾಸಿ.

ಮಾಡೆಲ್ ರೈಲಿನ ಹಳಿ-ಪರಿಸರ ಜೋಡಿಸಲು (ಲೇಔಟ್‌ಗೆ) ವಿಷಯ ಹುಡುಕುವವರಿಗೆ ಗೋವಾ-ಕರ್ನಾಟಕ ಗಡಿಯ ಕುಳೆಂ–ಕ್ಯಾಸಲ್‌ರಾಕ್ ಘಾಟಿಗಿಂತ ಒಳ್ಳೆಯದು ನನಗೆ ತೋಚುವುದಿಲ್ಲ. 37 ಅಡಿಗೆ ಒಂದು ಅಡಿ ಏರು. ಮುರ್ಮಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹತ್ತುವುದು ಈ ದಾರಿಯಲ್ಲೇ, ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳುತ್ತವೆ. ರಾಶಿ ಹಾಕುವ ಆಸೆಯಿದ್ದವರು ಅಲ್ಲಿ ಧಾರಾಳವಾಗಿ ಹಾಕಬಹುದು.

ಹಳತಾದಂತೆ ತೋರಿಸುವಾಗ ಎಲ್ಲ ಕಡೆ ಒಂದೇ ಸಮ ತುಕ್ಕು ಬಳಿಯಬೇಡಿ. ಮಳೆಯಲ್ಲಿ ನೆನೆದ ಕಲ್ಲಿದ್ದಲಿನ ಗಂಧಕ ಆಮ್ಲವಾಗಿ ತಳದ ತಗಡನ್ನೂ ಪಕ್ಕದ ತಗಡಿನ ಕೆಳಭಾಗವನ್ನೂ ಒಳಗಿನಿಂದ ತಿನ್ನುತ್ತದೆ. ಜೆಸಿಬಿಯಿಂದ ಸರಕು ಇಳಿಸುವಾಗ ಬಕೆಟ್ ತಗುಲಿ ಪಕ್ಕದ ತಗಡು ಹೊರಕ್ಕೆ ಉಬ್ಬುತ್ತದೆ. ಈ ಸವೆತ ತಡೆಯಲೆಂದೇ ಬಾಕ್ಸ್‌ಎನ್‌ನ ಮುಂದಿನ ಬಗೆಯಾದ ಬಾಕ್ಸ್‌ಎನ್‌ಎಚ್‌ಎಲ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಬಂತು. ಅದರ ಮೇಲೆ ಗಾಢ ತುಕ್ಕು ಬಳಿದರೆ ಇಡೀ ಶ್ರಮ ವ್ಯರ್ಥ.

ಕೊನೆಗೆ ನಂಬರು. ವ್ಯಾಗನ್ ಮೇಲಿನ 11 ಅಂಕಿಗಳಲ್ಲಿ ಮೊದಲೆರಡು ವ್ಯಾಗನ್‌ನ ಬಗೆ, ಮುಂದಿನೆರಡು ಯಾವ ರೈಲ್ವೆಯದು, ಐದು-ಆರನೆಯವು ತಯಾರಾದ ವರ್ಷ, ಕಟ್ಟಕಡೆಯದು ತಾಳೆ ನೋಡುವ ಅಂಕಿ. ಬಾಕ್ಸ್‌ಎನ್‌ಎಚ್‌ಎಲ್‌ಗೆ 95 ಎಂಬ ವರ್ಷ ಬರೆದ ಮಾಡೆಲ್‌ಗಳನ್ನು ನೋಡಿದ್ದೇನೆ; 1995ರಲ್ಲಿ ಆ ಬಗೆ ಇನ್ನೂ ಬಂದೇ ಇರಲಿಲ್ಲ. ಸ್ಟಿಕರ್ ಅಂಟಿಸುವ ಮುಂಚೆ ಆ ಎರಡು ಅಂಕಿಗಳನ್ನೊಮ್ಮೆ ಪರೀಕ್ಷಿಸಿಕೊಳ್ಳಿ.