ಬೆಳ್ಳಕ್ಕಿ ಅಂದರೆ ಯಾವ ಹಕ್ಕಿ?

ಬೆಳಿಗ್ಗೆ ಮಲ್ಪೆ ಬಂದರಿಗೆ ಹೋದರೆ ಬೂತಾಯಿ, ಬಂಗುಡೆ ಇಳಿಸುವ ಗಲಾಟೆಯ ನಡುವೆ ಬಿಳಿ ಹಕ್ಕಿಗಳು ಕಾಣುತ್ತವೆ. ಕಟ್ಟಿದ ಹಗ್ಗದ ಮೇಲೆ, ಬೋಟಿನ ಅಂಚಿನಲ್ಲಿ, ಬುಟ್ಟಿಗಳ ಪಕ್ಕ. ಯಾವ ಹಕ್ಕಿ ಅಂತ ಯಾರನ್ನೇ ಕೇಳಿ, ಬೆಳ್ಳಕ್ಕಿ ಅನ್ನುತ್ತಾರೆ.

ಪದ ಸುಲಭ. ಬೆಳ್ ಅಂದರೆ ಬಿಳಿ. ಬೆಳ್ಳುಳ್ಳಿ, ಬೆಳದಿಂಗಳಲ್ಲಿ ಇರುವುದೂ ಅದೇ. ಬಣ್ಣ ನೋಡಿ ಇಟ್ಟ ಹೆಸರಾದ್ದರಿಂದ ನಾಲ್ಕೈದು ಬಗೆಯ ಹಕ್ಕಿಗಳು ಇದರೊಳಗೆ ಸೇರಿಕೊಂಡಿವೆ. ಗದ್ದೆಯಲ್ಲಿ ದನಗಳ ಹಿಂದೆ ಓಡಾಡುವ, ಗಿಡ್ಡ ಕತ್ತಿನ ಹಳದಿ ಕೊಕ್ಕಿನ ಗೋವಕ್ಕಿಯೂ ಬೆಳ್ಳಕ್ಕಿಯೇ.

ಬಂದರಿನಲ್ಲಿ ಮೊದಲು ಕಾಲು ನೋಡಿ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ ಇದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಹಳದಿ ಸಾಕ್ಸ್ ಹಾಕಿದ ಹಾಗಿರುತ್ತದೆ! ನೀರು ಇಳಿದಾಗ ಕೆಸರಿನಲ್ಲಿ ಒಂದು ಕಾಲು ಮುಂದಿಟ್ಟು ಗಡಗಡ ನಡುಗಿಸುತ್ತದೆ. ಗಾಬರಿಯಾಗಿ ಮೇಲೆದ್ದ ಮೀನು, ಸಿಗಡಿಯನ್ನು ಟಕ್ಕನೆ ಹಿಡಿಯುತ್ತದೆ. ಹಾರುವಾಗ ಆ ಹಳದಿ ಪಾದಗಳು ಬಾಲದ ಹಿಂದೆ ಚಾಚಿಕೊಂಡಿರುತ್ತವೆ, ದೂರದಿಂದಲೂ ಗೊತ್ತಾಗುತ್ತದೆ.

ದೊಡ್ಡ ಬೆಳ್ಳಕ್ಕಿಯ ಕಾಲು, ಪಾದ ಎರಡೂ ಕಪ್ಪು. ನಿಂತರೆ ಸುಮಾರು ಮೂರು ಅಡಿ. ಕೊಕ್ಕು ಹಳದಿ ಅಂತ ನಂಬಿ ಕೂರಬೇಡಿ, ಮರಿ ಮಾಡುವ ಕಾಲಕ್ಕೆ ಅದು ಕಪ್ಪಾಗುತ್ತದೆ. ನಾನು ಇದರಲ್ಲಿ ಎಷ್ಟು ಸಲ ಮೋಸ ಹೋಗಿದ್ದೇನೋ ಲೆಕ್ಕವಿಲ್ಲ. ಅದಕ್ಕಿಂತ ಬಾಯಿಯ ಗೆರೆ ನೋಡಿ. ದೊಡ್ಡದರಲ್ಲಿ ಅದು ಕಣ್ಣು ದಾಟಿ ಹಿಂದೆ ಹೋಗುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಬೈನಾಕ್ಯುಲರ್ ಇಲ್ಲದೆ ಇದು ಕಷ್ಟ.

ಇನ್ನೊಂದು ಹಕ್ಕಿ ಬಕ. ಕಂದು ಗೆರೆಯ ಮೈಯಲ್ಲಿ ಸುಮ್ನೆ ಧ್ಯಾನಕ್ಕೆ ಕೂತಿರುತ್ತದೆ, ರೆಕ್ಕೆ ಬಿಚ್ಚಿದ ಕೂಡಲೇ ಅಚ್ಚ ಬಿಳಿ. ಹಾರುವಾಗ ಮಾತ್ರ ನೋಡಿದವರು ಅದನ್ನೂ ಬೆಳ್ಳಕ್ಕಿ ಅಂದುಬಿಡುತ್ತಾರೆ.

ಎಲ್ಲಕ್ಕಿಂತ ತಮಾಷೆಯದು ಕಡಲಂಚಿನ ಬಂಡೆಗಳಲ್ಲಿ, ಅಳಿವೆಗಳಲ್ಲಿ ಸಿಗುವ ಬಗೆ. ಚಿಕ್ಕ ಬೆಳ್ಳಕ್ಕಿಯ ಹತ್ತಿರದ ನೆಂಟ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಕೊಕ್ಕು ಸ್ವಲ್ಪ ದಪ್ಪ, ತುದಿಗೆ ತುಸು ಬಾಗಿದ ಹಾಗೆ, ಬಣ್ಣ ಮಾಸಲು ಕಂದು-ಹಳದಿ. ಇದರಲ್ಲಿ ಕೆಲವು ಪೂರ್ತಿ ಬಿಳಿ. ಕೆಲವು ಸ್ಲೇಟಿನಂಥ ಬೂದುಗಪ್ಪು, ಗಂಟಲ ಹತ್ತಿರ ಮಾತ್ರ ಬಿಳಿ ಮಚ್ಚೆ. ಎರಡೂ ಒಂದೇ ಜಾತಿ, ಒಟ್ಟಿಗೆ ಗೂಡು ಕಟ್ಟುತ್ತವೆ. ಈಗ ಆ ಕರಿಯದನ್ನು ಏನಂತ ಕರೆಯೋದು, ಹೇಳಿ? ನನ್ನ ನೋಟ್‌ಬುಕ್ಕಿನಲ್ಲಂತೂ 'ಕಪ್ಪು ಬೆಳ್ಳಕ್ಕಿ' ಅಂತಲೇ ಇದೆ.