ಪದ ಪರಿಚಯ: ಮಾನವೀಯ ಕಾನೂನಿನ ಅಣಕು ನ್ಯಾಯಾಲಯ

ಕಾಲೇಜು ಸುದ್ದಿಯ ಅಂಕಣದಲ್ಲಿ ಆಗಾಗ ಕಣ್ಣಿಗೆ ಬೀಳುವ ‘ಅಂತರರಾಷ್ಟ್ರೀಯ ಮಾನವೀಯ ಕಾನೂನು ಅಣಕು ನ್ಯಾಯಾಲಯ ಸ್ಪರ್ಧೆ’ ಎಂಬ ಉದ್ದದ ಹೆಸರನ್ನು ಓದಿದವರು, ಇದು ಮಾನವ ಹಕ್ಕುಗಳ ಬಗೆಗಿನ ಭಾಷಣ ಸ್ಪರ್ಧೆಯಿರಬೇಕೆಂದು ತಿಳಿಯುವುದು ಸಹಜ. ಮಾನವೀಯ ಕಾನೂನೆಂದರೆ ಯುದ್ಧ ನಡೆಯುತ್ತಿರುವಾಗ ಎರಡೂ ಕಡೆಯವರು ಪಾಲಿಸಬೇಕಾದ ನಿಯಮಗಳು. ಯುದ್ಧ ಹೂಡಿದ್ದು ಸರಿಯೇ ತಪ್ಪೇ ಎಂದು ಅದು ಕೇಳುವುದೇ ಇಲ್ಲ. ಯಾರ ಮೇಲೆ, ಯಾವ ಆಯುಧದಿಂದ, ಎಷ್ಟರ ಮಟ್ಟಿಗೆ ದಾಳಿ ಮಾಡಬಹುದು, ಸೆರೆಸಿಕ್ಕವರನ್ನೂ ಗಾಯಾಳುಗಳನ್ನೂ ಹೇಗೆ ನಡೆಸಿಕೊಳ್ಳಬೇಕು ಎಂಬುದಷ್ಟೇ ಅದರ ವ್ಯಾಪ್ತಿ. ಅಣಕು ನ್ಯಾಯಾಲಯವೆಂದರೆ, ವಿದ್ಯಾರ್ಥಿಗಳ ಬಾಯಲ್ಲಿ ಬರಿಯ ‘ಮೂಟ್’, ಕಲ್ಪಿತ ಪ್ರಕರಣವೊಂದನ್ನು ನಿಜವಾದ ಕಾನೂನಿನ ಆಧಾರದಲ್ಲಿ ವಾದಿಸುವ ಅಭ್ಯಾಸ. ಸಾಕ್ಷಿ ವಿಚಾರಣೆಗೂ ಪಾಟೀಸವಾಲಿಗೂ ಇಲ್ಲಿ ಜಾಗವಿಲ್ಲ. ಸಂಗತಿಗಳು ಮೊದಲೇ ನಿಗದಿಯಾಗಿರುತ್ತವೆ.

ಈ ಕಾನೂನಿನ ಚರಿತ್ರೆಯನ್ನು ಸಾಮಾನ್ಯವಾಗಿ 1859ರ ಜೂನ್ 24ರಂದು ಇಟಲಿಯಲ್ಲಿ ನಡೆದ ಸಾಲ್ಫೆರಿನೊ ಕದನದಿಂದ ಆರಂಭಿಸುತ್ತಾರೆ. ಅಲ್ಲಿ ಆರೈಕೆಯಿಲ್ಲದೆ ಬಿದ್ದಿದ್ದ ಗಾಯಾಳುಗಳನ್ನು ಕಂಡ ಸ್ವಿಸ್ ವ್ಯಾಪಾರಿ ಹೆನ್ರಿ ಡ್ಯೂನಾಂಟ್ ಅವರ ಪ್ರಯತ್ನದ ಫಲವಾಗಿ 1863ರಲ್ಲಿ ರೆಡ್ ಕ್ರಾಸ್ ಸಮಿತಿಯೂ 1864ರಲ್ಲಿ ಮೊದಲ ಜಿನೀವಾ ಒಪ್ಪಂದವೂ ಹುಟ್ಟಿದವು. ಇಂದು ಬಳಕೆಯಲ್ಲಿರುವುದು 1949ರ ನಾಲ್ಕು ಒಪ್ಪಂದಗಳು ಮತ್ತು ಅವುಗಳಿಗೆ 1977ರಲ್ಲಿ ಸೇರಿದ ಎರಡು ಪೂರಕ ಪ್ರೋಟೋಕಾಲ್‌ಗಳು. ಭಾರತವು ಆ ನಾಲ್ಕನ್ನೂ ಒಪ್ಪಿ 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯಿದೆಯನ್ನು ಮಾಡಿತು. ಪ್ರೋಟೋಕಾಲ್‌ಗಳಿಗೆ ಮಾತ್ರ ಸೇರಲಿಲ್ಲ.

ನಮ್ಮಲ್ಲಿ ಈ ವಿಷಯದ ಹೆಸರಾಂತ ಸ್ಪರ್ಧೆ, ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ದೆಹಲಿ ಕಚೇರಿಯೂ ಭಾರತೀಯ ಅಂತರರಾಷ್ಟ್ರೀಯ ಕಾನೂನು ಸಂಘವೂ ಜೊತೆಯಾಗಿ ನಡೆಸಿಕೊಂಡು ಬಂದಿರುವ ಹೆನ್ರಿ ಡ್ಯೂನಾಂಟ್ ಸ್ಮಾರಕ ಮೂಟ್. 1989ರಲ್ಲಿ ಶುರುವಾದ ಜಾನ್ ಪಿಕ್ಟೆ ಸ್ಪರ್ಧೆಯ ದಾರಿ ಬೇರೆ: ಅಲ್ಲಿ ಮೂವರ ತಂಡ ಒಮ್ಮೆ ಸೇನೆಯ ಕಾನೂನು ಸಲಹೆಗಾರರಾಗಿ, ಇನ್ನೊಮ್ಮೆ ರೆಡ್ ಕ್ರಾಸ್ ಪ್ರತಿನಿಧಿಗಳಾಗಿ ಸಂದರ್ಭಕ್ಕೆ ತಕ್ಕ ಪಾತ್ರ ವಹಿಸಿ ಮಾತುಕತೆ ನಡೆಸಬೇಕು.

ಮೂಟ್‌ನ ಜೀವಾಳವಿರುವುದು ಪ್ರಕರಣವನ್ನು ಹೆಣೆಯುವ ರೀತಿಯಲ್ಲಿ. ಉದಾಹರಣೆಗೆ, ಕಲ್ಪಿತ ದೇಶವೊಂದರ ನದಿಗೆ ಒಂದು ಸೇತುವೆಯಿದೆ ಎನ್ನಿ. ರಾತ್ರಿ ಅದರ ಮೇಲೆ ಮದ್ದುಗುಂಡಿನ ಲಾರಿಗಳು ಹೋಗುತ್ತವೆ, ಬೆಳಗಾದರೆ ತರಕಾರಿ ಬುಟ್ಟಿ ಹೊತ್ತು ಸಂತೆಗೆ ಹೊರಟವರು ದಾಟುತ್ತಾರೆ. ನಸುಕಿನಲ್ಲಿ ಬಾಂಬು ಬಿದ್ದು ಸೇತುವೆಯೂ ಹೋಯಿತು, ಸಂತೆಗೆ ಹೊರಟಿದ್ದ ಹಲವರೂ ಸತ್ತರು. ದಾಳಿಗೆ ಆದೇಶ ನೀಡಿದ ಕಮಾಂಡರ್ ಈಗ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮುಂದಿದ್ದಾನೆ. ಸತ್ತವರ ಸಂಖ್ಯೆಯೇ ಅಪರಾಧವನ್ನು ತೀರ್ಮಾನಿಸುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ಕಾನೂನು ಅಳೆಯುವುದು ದಾಳಿಯ ಆ ಗಳಿಗೆಯಲ್ಲಿ ಕಮಾಂಡರ್‌ನ ಕೈಯಲ್ಲಿದ್ದ ಮಾಹಿತಿಯಿಂದ: ಅದನ್ನು ಬಲ್ಲ ವಿವೇಕಿಯೊಬ್ಬ ಇಷ್ಟು ನಾಗರಿಕ ಹಾನಿಯನ್ನು ನಿರೀಕ್ಷಿಸುತ್ತಿದ್ದನೇ, ಸಿಗಲಿದ್ದ ಸೇನಾ ಲಾಭಕ್ಕೆ ಹೋಲಿಸಿದರೆ ಅದು ಅತಿಯೇ ಎಂಬುದು ಪ್ರಶ್ನೆ. ಹಿಂದಿನ ಯುಗೊಸ್ಲಾವಿಯದ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ರಚಿಸಿದ್ದ ನ್ಯಾಯಮಂಡಳಿಯು 2003ರ ಗಾಲಿಚ್ ತೀರ್ಪಿನಲ್ಲಿ ಹೇಳಿದ ಈ ಅಳತೆಗೋಲು ಇಂಥ ಪ್ರಕರಣಗಳ ಬರಹಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಇದರ ಮೇಲೆ ಪ್ರಕರಣ ಬರೆದವರು ಒಂದೆರಡು ಗುಂಡಿಗಳನ್ನೂ ತೋಡಿಟ್ಟಿರುತ್ತಾರೆ. ಯಾವ ದೇಶ ಯಾವ ಒಪ್ಪಂದಕ್ಕೆ ಸಹಿ ಹಾಕಿದೆ ಎಂಬ ಸಾಲು ಹೆಚ್ಚಾಗಿ ಕೊನೆಯ ಪ್ಯಾರಾದಲ್ಲಿ ಸುಮ್ಮನೆ ಕುಳಿತಿರುತ್ತದೆ. ಅದನ್ನು ಗಮನಿಸದೆ ಪ್ರೋಟೋಕಾಲ್‌ನ ವಿಧಿಯನ್ನೇ ನೆಚ್ಚಿ ಬಂದವರು, ಆ ದೇಶ ಅದಕ್ಕೆ ಸೇರಿಯೇ ಇಲ್ಲವೆಂದು ಪೀಠ ನೆನಪಿಸಿದಾಗ ತಡವರಿಸಿ, ಕೊನೆಗೆ ರೂಢಿಗತ ಕಾನೂನಿನ, ಅಂದರೆ ದೇಶಗಳ ನಡೆವಳಿಕೆಯಿಂದಲೇ ಬೆಳೆದು ಸಹಿ ಹಾಕದವರಿಗೂ ಅನ್ವಯಿಸುವ ನಿಯಮಗಳ, ಆಸರೆ ಹುಡುಕಬೇಕಾಗುತ್ತದೆ. ಎರಡನೆಯದು ಇನ್ನೂ ಆಳವಾದದ್ದು. ನಾಗರಿಕರಿಗೆ ಅತಿಯಾದ ಹಾನಿಯಾಗುವ ದಾಳಿಯನ್ನು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮೂಲ ಒಪ್ಪಂದವಾದ ರೋಮ್ ಶಾಸನವು ಯುದ್ಧಾಪರಾಧವೆಂದು ಪಟ್ಟಿಮಾಡಿರುವುದು ದೇಶ ದೇಶಗಳ ನಡುವಿನ ಸಂಘರ್ಷಕ್ಕೆ ಮಾತ್ರ. ಸರ್ಕಾರಕ್ಕೂ ಬಂಡುಕೋರರಿಗೂ ನಡೆಯುವ ಒಳಸಂಘರ್ಷದ ಪಟ್ಟಿಯಲ್ಲಿ ಆ ಅಪರಾಧವಿಲ್ಲ. ಆದರೆ ಬಂಡುಕೋರರು ನೆರೆಯ ದೇಶದ ಹಿಡಿತದಲ್ಲಿದ್ದರೆ ಒಳಸಂಘರ್ಷವೂ ದೇಶ ದೇಶಗಳ ನಡುವಿನದೆನಿಸಬಹುದು. ಹಾಗಾಗಿ ಬಂಡುಕೋರರ ಹಿಂದೆ ನೆರೆಯ ದೇಶದ ಹಿಡಿತ ಎಷ್ಟಿತ್ತು ಎಂಬ, ಮೇಲ್ನೋಟಕ್ಕೆ ಸೇತುವೆಗೆ ಸಂಬಂಧವೇ ಇಲ್ಲದ ಪ್ರಶ್ನೆಯ ಮೇಲೆ ಇಡೀ ಆರೋಪ ನಿಲ್ಲಬಹುದು ಅಥವಾ ಬೀಳಬಹುದು. ಈ ಸ್ಪರ್ಧೆಗಳಿಂದ ಕಲಿಯುವುದಿದ್ದರೆ ಅದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಕಾಸರಗೋಡಿನ ನಮಗೆ ಇದರ ರುಚಿ ಹತ್ತಿಸಲು ತಾಳಮದ್ದಳೆಗಿಂತ ಹತ್ತಿರದ ಹೋಲಿಕೆ ಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದೊಡನೆ ಬರಿಯ ಮಾತಿನ ಬಲದಲ್ಲಿ ಎದುರಾಳಿಯನ್ನು ಕಟ್ಟಿಹಾಕಬೇಕು. ಕುಂಬಳೆ, ಬದಿಯಡ್ಕದ ಕಡೆ ಮಳೆಗಾಲದಲ್ಲಿ ಕರ್ಣಪರ್ವದ ಕೂಟವಿದ್ದರೆ, ರಥದ ಚಕ್ರ ಹೂತ ಕರ್ಣ ಧರ್ಮದ ಮಾತೆತ್ತುವುದೂ, ಅಭಿಮನ್ಯುವನ್ನು ಕೊಂದಾಗ ಆ ಧರ್ಮ ಎಲ್ಲಿತ್ತೆಂದು ಕೃಷ್ಣ ಕೇಳುವುದೂ ಸಭಿಕರು ಕಾದು ಕೂರುವ ಘಟ್ಟ. ಮೂಟ್‌ನಲ್ಲಾದರೆ ಕೃಷ್ಣನ ಆ ಪ್ರಶ್ನೆಗೆ ಚಪ್ಪಾಳೆ ಸಿಗದು: ಎದುರಾಳಿ ನಿಯಮ ಮುರಿದನೆಂಬುದು ನಾವು ಮುರಿಯಲು ಸಮರ್ಥನೆಯಾಗದೆಂದು ಅದೇ ನ್ಯಾಯಮಂಡಳಿ 2000ದ ಕುಪ್ರೆಶ್ಕಿಚ್ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗೆಂದು ಕರ್ಣನ ಅರ್ಥಧಾರಿ ಬೀಗುವಂತಿಲ್ಲ. ಶರಣಾದವನು, ಸೆರೆಸಿಕ್ಕವನು, ಗಾಯದಿಂದಲೋ ಕಾಯಿಲೆಯಿಂದಲೋ ಕಾದಲಾರದವನು, ಇವರಿಗಷ್ಟೇ ಕಾನೂನಿನ ರಕ್ಷಣೆ. ಚಕ್ರ ಎತ್ತಿ ಮತ್ತೆ ಕಾದಲು ಹೊರಟವನು ಈ ಪೈಕಿ ಯಾವುದಕ್ಕೂ ಸೇರುವುದಿಲ್ಲ. ಅಪಾಯಕ್ಕೆ ಸಿಕ್ಕಿದ ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿಯುವವನ ಮೇಲೆ ಗುಂಡು ಹಾರಿಸಬಾರದೆಂಬ ನಿಯಮವನ್ನು ರಥಕ್ಕೂ ಹಿಗ್ಗಿಸಿ ನೋಡಬಹುದೇನೋ. ಗಟ್ಟಿ ಪೀಠ ಒಪ್ಪಲಾರದು, ಆದರೂ ಪ್ರಯತ್ನಕ್ಕೆ ಒಂದೆರಡು ಅಂಕ ಕೊಟ್ಟೀತು.

ಹೋಲಿಕೆ ನಿಲ್ಲುವುದು ಒಂದು ಕಡೆ. ಕೂಟದಲ್ಲಿ ಕರ್ಣನಾದವನು ಆ ಪ್ರಸಂಗದ ಮಟ್ಟಿಗೆ ಕರ್ಣನೇ. ಮೂಟ್‌ನ ತಂಡ ಮಾತ್ರ ಪ್ರಾಸಿಕ್ಯೂಷನ್ ಮತ್ತು ಪ್ರತಿವಾದ ಎರಡೂ ಕಡೆಗೆ ‘ಮೆಮೋರಿಯಲ್’ ಎಂಬ ಲಿಖಿತ ವಾದವನ್ನು ಬರೆದು, ಒಂದು ಸುತ್ತಿನಲ್ಲಿ ಕಮಾಂಡರ್‌ನನ್ನು ಜರೆದು ಮುಂದಿನ ಸುತ್ತಿನಲ್ಲಿ ಅವನನ್ನೇ ಉಳಿಸಲು ಹೊರಡಬೇಕು. ಸಾಮಾನ್ಯವಾಗಿ ಇಬ್ಬರು ವಾದಿಸುತ್ತಾರೆ, ಮೂರನೆಯವರು ಸಂಶೋಧಕರು. ಲಿಖಿತ ವಾದದಲ್ಲಿ ಕಾಲೇಜಿನ ಹೆಸರು ಕಾಣಿಸುವಂತಿಲ್ಲ, ತಂಡಕ್ಕೆ ಸಂಕೇತ ಸಂಖ್ಯೆ ಮಾತ್ರ. ಪೀಠ ನಡುನಡುವೆ ತಡೆದು ಪ್ರಶ್ನೆ ಹಾಕುತ್ತದೆ: ‘ಅಂದು ಸಂತೆಯ ದಿನವೆಂದು ನಿಮ್ಮ ಕಕ್ಷಿದಾರರಿಗೆ ತಿಳಿದಿತ್ತೇ?’ ಕಂಠಪಾಠ ಮಾಡಿ ಬಂದವರ ಸರಪಳಿ ಅಲ್ಲಿಗೆ ಕಡಿಯುತ್ತದೆ.

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಕಾನೂನು ಪದವಿಗೆ ಮೂಟ್ ಅಭ್ಯಾಸ ಕಡ್ಡಾಯ. ಆದ್ದರಿಂದ ಮಂಜೇಶ್ವರ, ಉಪ್ಪಳದಿಂದ ಮಂಗಳೂರಿಗೆ ರೈಲು ಹತ್ತಿ ಕಾನೂನು ಓದಲು ಹೋಗುವವರಿಗೂ ಇದು ತಪ್ಪಿದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಅಂತರ ಕಾಲೇಜು ಸ್ಪರ್ಧೆಗಳ ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುವುದುಂಟು. ಪೀಠ ಅಂಕ ಕೊಡುವುದು ಕಾನೂನಿನ ಅರಿವಿಗೆ, ಸಂಗತಿಗಳ ಬಳಕೆಗೆ, ಪ್ರಶ್ನೆಗೆ ನೇರವಾಗಿ ಉತ್ತರಿಸುವುದಕ್ಕೆ. ಉಚ್ಚಾರದ ಠೀವಿಯಿಂದ ಹೆಚ್ಚೇನೂ ದಕ್ಕುವುದಿಲ್ಲ. ಮೊದಲ ಬಾರಿ ಹೋಗುವವರು ತೀರ್ಪುಗಳ ರಾಶಿಗೆ ಕೈಹಾಕುವ ಮೊದಲು, ಪ್ರಕರಣದ ಒಂದೊಂದು ಪ್ಯಾರಾದ ಎದುರಿಗೂ ಅದು ಯಾವ ಕಡೆಗೆ ಅನುಕೂಲ, ಇನ್ನೊಂದು ಕಡೆಯವರು ಅದಕ್ಕೆ ಏನೆಂದಾರು ಎಂಬುದನ್ನು ಕನ್ನಡದಲ್ಲೇ ಬರೆದಿಟ್ಟುಕೊಂಡರೆ ಅರ್ಧ ಮೆಮೋರಿಯಲ್ ಅಲ್ಲಿಯೇ ಸಿದ್ಧವಾಗುತ್ತದೆ.